ಮಗಳನ್ನು ಸಣ್ಣ ಶಾಲೆಗೆ ಸೇರಿಸಬಹುದೇ? ಹಾಸ್ಟೆಲಿಗೋ, ಮನೆಯಿಂದಲೋ?

ಆರನೇ ತರಗತಿ ಮುಗಿಸುತ್ತಿರುವ ಮಗಳನ್ನು ನೂರು ಮಕ್ಕಳೂ ಇಲ್ಲದ ಶಾಲೆಯೊಂದಕ್ಕೆ ಸೇರಿಸುವ ಯೋಚನೆಯಲ್ಲಿದ್ದೀರಿ. ಅಲ್ಲಿ ಕೆಲವು ಮಕ್ಕಳು ಹಾಸ್ಟೆಲಿನಲ್ಲಿರುತ್ತಾರೆ, ಉಳಿದವರು ಮನೆಯಿಂದ ಬಂದು ಹೋಗುತ್ತಾರೆ. ಮಗಳಿಗೆ ಯಾವುದು ಸರಿ, ಇಷ್ಟು ಚಿಕ್ಕ ಜಾಗದಲ್ಲಿ ಬೆಳೆದವಳು ಮುಂದೆ ದೊಡ್ಡ ಕಾಲೇಜಿಗೆ ಹೊಂದಿಕೊಳ್ಳುತ್ತಾಳೆಯೇ ಎಂದು ಕೇಳಿದ್ದೀರಿ. ಬೆಂಗಳೂರಿನ ಹೊರಗಿನ ಅಂಥದೇ ಒಂದು ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಕನ್ನಡ ಕಲಿಸಿದೆ. ಅದರಲ್ಲಿ ಏಳು ವರ್ಷ ಹುಡುಗಿಯರ ಹಾಸ್ಟೆಲಿನಲ್ಲೇ ಇದ್ದೆ. ಕಾಲೇಜಿನ ಚಿಂತೆ ಬಿಡಿ, ಹೊಂದಿಕೊಳ್ಳುತ್ತಾಳೆ. ಹಾಸ್ಟೆಲಿನ ವಿಚಾರ ಮಾತ್ರ ಒಂದೆರಡು ಮಾತಿನಲ್ಲಿ ಮುಗಿಯುವುದಿಲ್ಲ.

ನಮ್ಮಲ್ಲಿ ಮನೆಗೆ ಹೋಗುವ ಮಕ್ಕಳ ಬಸ್ಸು ಪೌಣೆ ನಾಲ್ಕಕ್ಕೆ ಹೊರಡುತ್ತಿತ್ತು. ಬಸ್ಸಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಶಾಲೆ ಇನ್ನೊಂದು ಬಗೆಯ ಜಾಗವಾಗುತ್ತಿತ್ತು. ಆಟ, ಸ್ನಾನ, ಬಟ್ಟೆ ಒಗೆಯುವುದು, ಆಮೇಲೆ ಸೂರ್ಯ ಮುಳುಗುವ ಹೊತ್ತಿಗೆ ಬಂಡೆಯ ಮೇಲೆ ಹದಿನೈದು ನಿಮಿಷ ಸುಮ್ಮನೆ ಕೂರುವುದು. ಈ ಪದ್ಧತಿ ನಮ್ಮ ಸ್ವಂತದ್ದಲ್ಲ. ಚಿಂತಕ ಜಿಡ್ಡು ಕೃಷ್ಣಮೂರ್ತಿಯವರು ತಮ್ಮ ಹುಟ್ಟೂರು ಮದನಪಲ್ಲಿಯ ಹತ್ತಿರ ಕಟ್ಟಿದ ಋಷಿ ವ್ಯಾಲಿ ಶಾಲೆಯಲ್ಲಿ ಇದನ್ನು ಅಸ್ತಾಚಲ ಎನ್ನುತ್ತಾರೆ. ನಮ್ಮ ಶಾಲೆ ಕಟ್ಟಿದವರು ಅಲ್ಲಿಂದ ಕಲಿತು ಬಂದದ್ದು ಬಹಳ. ಮೊದಲ ವಾರ ಮಕ್ಕಳು ಒಬ್ಬರನ್ನೊಬ್ಬರು ಚಿವುಟುತ್ತಾರೆ, ಇರುವೆ ಹಿಡಿಯುತ್ತಾರೆ. ಎರಡು ತಿಂಗಳಾದ ಮೇಲೆ ನಾನೇ ಎದ್ದು ಹೊರಟರೂ ಇಬ್ಬರು ಮೂವರು ಅಲ್ಲೇ ಕುಳಿತಿರುತ್ತಿದ್ದರು.

ಹಾಸನದ ಕಡೆಯ ಹುಡುಗಿಯೊಬ್ಬಳು ನಿಮ್ಮ ಮಗಳ ವಯಸ್ಸಿನಲ್ಲೇ ಬಂದಿದ್ದಳು. ಅಳಲಿಲ್ಲ, ಊಟ ಬಿಡಲಿಲ್ಲ. ಆದರೆ ದಿನವೂ ರಾತ್ರಿ ಟ್ರಂಕಿನ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು, ಮಡಿಸಿ, ಮತ್ತೆ ತುಂಬಿ ಬೀಗ ಹಾಕುತ್ತಿದ್ದಳು, ನಾಳೆ ಬೆಳಿಗ್ಗೆಯೇ ಹೊರಡುವವಳ ಹಾಗೆ. ಪಕ್ಕದಲ್ಲಿ ಕುಳಿತು ನಾನೂ ಮಡಿಸಿಕೊಡುತ್ತಿದ್ದೆ, ಏನೂ ಕೇಳುತ್ತಿರಲಿಲ್ಲ. ಮೂರನೆಯ ವಾರದ ಕೊನೆಗೆ ಒಂದು ರಾತ್ರಿ ನೋಡಿದರೆ ಟ್ರಂಕು ಬಾಯಿ ತೆರೆದು ಬಿದ್ದಿತ್ತು, ಒದ್ದೆ ಟವೆಲ್ ಅದರ ಅಂಚಿನಲ್ಲಿ ಜೋತಾಡುತ್ತಿತ್ತು, ಅವಳು ಪಕ್ಕದ ಕೋಣೆಯಲ್ಲಿ ಚೌಕಾಬಾರ ಆಡುತ್ತಿದ್ದಳು. ಎಲ್ಲರಿಗೂ ಮೂರು ವಾರ ಸಾಲುವುದಿಲ್ಲ. ಒಂದು ವರ್ಷವಾದರೂ ಒಗ್ಗದೆ ಮನೆಗೆ ಮರಳಿದ ಮಕ್ಕಳನ್ನೂ ಕಂಡಿದ್ದೇನೆ. ಅವರನ್ನು ಕಳುಹಿಸಿದ್ದು ಸರಿಯಾದ ಕೆಲಸವೇ.

ಓದಿನ ವಿಷಯಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇರಬೇಕು ಎನ್ನುತ್ತದೆ. ನನ್ನ ಏಳನೇ ತರಗತಿಯಲ್ಲಿ ಒಂಬತ್ತೇ ಮಕ್ಕಳು. ಅಂಕ, ರ‍್ಯಾಂಕ್ ಇರಲಿಲ್ಲ. ಪ್ರತಿ ಮಗುವಿನ ಬಗ್ಗೆ ವರ್ಷಕ್ಕೆ ಎರಡು ಬಾರಿ ಎರಡು ಪುಟ ಬರೆದುಕೊಡುತ್ತಿದ್ದೆವು, ಅದಕ್ಕೆ ಒಂದು ವಾರವೇ ಹಿಡಿಯುತ್ತಿತ್ತು. ಕನ್ನಡದ ಮಾತು ಹೇಳದೆ ಮುಂದೆ ಹೋಗಲಾರೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು, ಕಲಿಸುತ್ತಾರೆ. ಆದರೆ ಪುಣೆಯಿಂದ, ಚೆನ್ನೈಯಿಂದ ಬಂದ ನನ್ನ ಮಕ್ಕಳು ಕನ್ನಡವನ್ನು ಕಲಿತದ್ದು ಅಡುಗೆಮನೆಯಲ್ಲಿ. ಗುರುವಾರ ಏಳನೇ ತರಗತಿಯ ಪಾಳಿ. ಪುಣೆಯ ಹುಡುಗನಿಗೆ ಎಲ್ಲಕ್ಕೂ 'ಕಟ್ ಮಾಡು' ಒಂದೇ ಗೊತ್ತಿತ್ತು. ಪಕ್ಕದ ಹಳ್ಳಿಯಿಂದ ಅಡುಗೆಗೆ ಬರುತ್ತಿದ್ದ ಅಮ್ಮ ಒಪ್ಪುತ್ತಿರಲಿಲ್ಲ. ಸೊಪ್ಪು ಸೋಸಬೇಕು, ಈರುಳ್ಳಿ ಹೆಚ್ಚಬೇಕು, ಕಾಯಿ ಒಡೆದು ತುರಿಯಬೇಕು, ಹುರುಳಿಕಾಯಿಯ ನಾರು ತೆಗೆದು ಮುರಿಯಬೇಕು. ತಪ್ಪು ಹೇಳಿದರೆ ಚಾಕು ಕೈಗೆ ಕೊಡುತ್ತಿರಲಿಲ್ಲ. ನಾನು ಕರಿಹಲಗೆಯ ಮೇಲೆ ಒಂದು ವರ್ಷದಲ್ಲಿ ಕಲಿಸಲಾಗದ ಕ್ರಿಯಾಪದಗಳು ಅವನಿಗೆ ಒಂದು ಮಳೆಗಾಲದಲ್ಲಿ ಬಂದವು.

ಇವೆಲ್ಲ ಉಳ್ಳವರ ಮಕ್ಕಳ ಶಾಲೆಗಳು ಎಂದು ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ಶುಲ್ಕ ನೋಡಿದರೆ ಅವರ ಮಾತು ನಿಜ, ಆ ನೋವು ನನಗೂ ಇದೆ. ಆದರೆ ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳು ಆಡುತ್ತ ಕಲಿಯುವ ಕ್ರಮವಾದ ನಲಿ-ಕಲಿಯ ಬೇರು ಎಲ್ಲಿದೆ ಎಂದು ಅವರಿಗೆ ತಿಳಿದಿರಲಿ. ಋಷಿ ವ್ಯಾಲಿಯವರು ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಕ್ರಮವೊಂದನ್ನು ರೂಪಿಸಿದ್ದರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಕಾರ್ಡುಗಳನ್ನು ತಮ್ಮ ಕೈಯಾರೆ ಕನ್ನಡದಲ್ಲಿ ಮಾಡಿಕೊಂಡು 1995ರಲ್ಲಿ ಶುರುಮಾಡಿದರು. ಮುಂದೆ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ನನ್ನ ಅಣ್ಣನ ಮಗ ನಲಿ-ಕಲಿಯಲ್ಲೇ ಅಕ್ಷರ ಕಲಿತವನು.

ಸಣ್ಣ ಶಾಲೆಯ ಕಷ್ಟವನ್ನೂ ಹೇಳಬೇಕು. ಅಲ್ಲಿ ಜಗಳವಾದರೆ ಹೋಗಲು ಇನ್ನೊಂದು ಸೆಕ್ಷನ್ ಇರುವುದಿಲ್ಲ. ಒಂದು ವರ್ಷ ನನ್ನ ತರಗತಿಯಲ್ಲಿ ನಾಲ್ವರೇ ಹುಡುಗಿಯರು, ಅದರಲ್ಲಿ ಮೂವರು ಒಂದಾದರು. ನಾಲ್ಕನೆಯವಳು ಊಟದ ಹೊತ್ತಿನಲ್ಲಿ ಚಿಕ್ಕ ಮಕ್ಕಳ ಸಾಲಿಗೆ ಹೋಗಿ ಕೂರತೊಡಗಿದಳು. ಪುಟಾಣಿಗಳನ್ನು ಎಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ ಎಂದು ನಾವೆಲ್ಲ ಮೆಚ್ಚಿಕೊಂಡೆವು, ಅವಳ ವರದಿಯಲ್ಲೂ ಹಾಗೆಯೇ ಬರೆದೆ. ಮೂರು ತಿಂಗಳ ನಂತರ, ಗುಂಡಿ ಹೊಲಿಯಲು ಸೂಜಿ ಕೇಳಿಕೊಂಡು ನನ್ನ ಕೋಣೆಗೆ ಬಂದವಳು ಗುಂಡಿ ಹೊಲಿದಾದ ಮೇಲೂ ಎದ್ದು ಹೋಗಲಿಲ್ಲ. ಆಗ ತಿಳಿಯಿತು. ಒಂಬತ್ತು ಮಕ್ಕಳ ತರಗತಿಯಲ್ಲೂ ಒಂದು ಮಗುವಿನ ಸಂಕಟ ನನ್ನ ಕಣ್ಣಿಗೆ ಬೀಳಲಿಲ್ಲ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಹಾಗಾಗಿ ಆ ತರಗತಿಯಲ್ಲಿ ಎಷ್ಟು ಹುಡುಗಿಯರಿದ್ದಾರೆ ಎಂದು ಮರೆಯದೆ ಕೇಳಿ. ಐವರಿಗಿಂತ ಕಡಿಮೆಯಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ.

ಕಾಲೇಜಿನ ಭಯಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯ ಪತ್ರವೇ ಉತ್ತರ. ಪಿಯುಸಿ ಸೇರಿದ ತಿಂಗಳಲ್ಲಿ ಬರೆದಿದ್ದಳು: 'ಅಕ್ಕ, ಇಲ್ಲಿ ತರಗತಿಗೆ ನೂರು ಜನ. ಮೇಷ್ಟರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಪಾಠ ಮುಗಿದ ಮೇಲೆ ಹೋಗಿ ಸಂದೇಹ ಕೇಳಿದೆ, ಈಗ ಗೊತ್ತು.' ದೊಡ್ಡವರನ್ನು ಹೆದರದೆ ಮಾತನಾಡಿಸುವ ಅಭ್ಯಾಸ ಈ ಮಕ್ಕಳಿಗೆ ಇರುತ್ತದೆ. ಹತ್ತನೆಯ ತರಗತಿಗೆ ಯಾವ ಬೋರ್ಡಿನ ಪರೀಕ್ಷೆ ಎಂಬುದನ್ನು ಮಾತ್ರ ಈಗಲೇ ವಿಚಾರಿಸಿ. ಐಸಿಎಸ್‌ಇ, ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ, ಮುಕ್ತ ಶಾಲೆಯ ಎನ್‌ಐಒಎಸ್, ಒಂದೊಂದು ಕಡೆ ಒಂದೊಂದು ಇರುತ್ತದೆ. ಮುಂದೆ ವಿಜ್ಞಾನ ಓದುವ ಮನಸ್ಸಿದ್ದರೆ ಅದಕ್ಕೆ ಬೇಕಾದ ವಿಷಯಗಳು ಅಲ್ಲಿ ಸಿಗುತ್ತವೆಯೇ ನೋಡಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ವರ್ಷ ಮನೆಯಿಂದಲೇ ಕಳುಹಿಸುತ್ತೇನೆ. ಎಂಟನೇ ತರಗತಿಗೆ ಅವಳೇ ಹಾಸ್ಟೆಲ್ ಕೇಳಿದರೆ ಒಪ್ಪುತ್ತೇನೆ. ದಾರಿ ಒಂದು ಗಂಟೆಗಿಂತ ಹೆಚ್ಚಿದ್ದರೆ ಮೊದಲೇ ಹಾಸ್ಟೆಲ್ ವಾಸಿ, ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕೂತ ಮಗು ಮನೆಗೆ ಬಂದು ನಿದ್ದೆ ಮಾಡುತ್ತದೆ ಅಷ್ಟೇ. ಶಾಲೆ ನೋಡಲು ಹಬ್ಬದ ದಿನ, ವಾರ್ಷಿಕೋತ್ಸವದ ದಿನ ಹೋಗಬೇಡಿ. ಯಾವುದಾದರೂ ಮಂಗಳವಾರ ಸಂಜೆ ಐದಕ್ಕೆ ಹೋಗಿ ರಾತ್ರಿ ಊಟದವರೆಗೂ ಇರಿ. ಹಾಸ್ಟೆಲಿನಲ್ಲಿ ರಾತ್ರಿ ಮಲಗುವ ಅಕ್ಕ ಯಾರು, ಅವರು ಬಂದು ಎಷ್ಟು ವರ್ಷವಾಯಿತು ಎಂದು ಕೇಳಿ. ವರ್ಷಕ್ಕೊಬ್ಬರು ಬದಲಾಗುತ್ತಿದ್ದರೆ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಬಿಡಬೇಡಿ. ಸೇರಿಸುವುದೇ ಆದರೆ, ಟ್ರಂಕಿನ ಎರಡನೆಯ ಕೀಲಿಯನ್ನು ಆ ಅಕ್ಕನ ಕೈಗೆ ಕೊಟ್ಟು ಬನ್ನಿ. ಮೊದಲ ವಾರದಲ್ಲಿ ಒಂದು ಕೀಲಿ ಕಳೆದೇ ಕಳೆಯುತ್ತದೆ.