ಬಾಲ್ಕನಿಯಲ್ಲಿ ನಾಲ್ಕು ಗಿಡ ಇಟ್ಟರೆ ಮತ್ತೆ ಚಿತ್ರ ಹೊಳೆಯುತ್ತದೆಯೇ?

ಮಂಗಳೂರಿನ ಫ್ಲ್ಯಾಟ್‌ನಲ್ಲಿದ್ದೇನೆ, ಇರುವುದು ಒಂದು ಬಾಲ್ಕನಿ, ಮೊದಲು ಚಿತ್ರ ಬಿಡಿಸುತ್ತಿದ್ದೆ, ಈಗ ಪೆನ್ಸಿಲ್ ಹಿಡಿದರೆ ಏನೂ ಹೊಳೆಯುವುದಿಲ್ಲ, ನಾಲ್ಕು ಗಿಡ ಇಟ್ಟರೆ ಏನಾದರೂ ಆದೀತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಚಂದ ಕಾಣಲಿ ಅಂತ ಗಿಡ ತರಬೇಡಿ. ಏನಾದರೂ ಮಾಡುವ ಗಿಡ ತನ್ನಿ.

ನಾನು ಉಡುಪಿಯವಳು. ಮನೆಯಲ್ಲೇ ಕೂತು ಬ್ಲೌಸ್‌ಗಳಿಗೆ ಆರಿ ವರ್ಕ್ ಮಾಡುತ್ತೇನೆ. ಫ್ರೇಮಿಗೆ ಬಟ್ಟೆ ಬಿಗಿದು ಜರಿ ನೂಲು, ಮಣಿ ಕೂರಿಸುವ ಕೆಲಸ. ಗಿರಾಕಿಗಳು ಮೊಬೈಲ್‌ನಲ್ಲಿ ಫೋಟೋ ತೋರಿಸಿ ಇದೇ ಬೇಕು ಅನ್ನುತ್ತಾರೆ, ಎಲ್ಲರ ಮೊಬೈಲ್‌ನಲ್ಲೂ ಅದೇ ನವಿಲು, ಅದೇ ಮಾವಿನಕಾಯಿ. ಹೊಸದು ಬೇಕು ಅಂದವರಿಗೆ ನಾನು ಮಾಡಿಕೊಡುವ ಡಿಸೈನ್ ಹೆಚ್ಚಿನದೆಲ್ಲ ಹಿತ್ತಿಲಿನಿಂದ ಬಂದದ್ದು. ಹಿತ್ತಿಲು ದೊಡ್ಡದೇನಲ್ಲ, ಬಾವಿಕಟ್ಟೆಯಿಂದ ಕಂಪೌಂಡ್ ಗೋಡೆಯವರೆಗೆ, ಬಟ್ಟೆ ಒಣಗಿಸುವ ಹಗ್ಗವೂ ಅಲ್ಲೇ.

ಏನಾದರೂ ಮಾಡುವ ಗಿಡ ಅಂದೆನಲ್ಲ, ಅಬ್ಬಲಿಗೆ, ಅಂದರೆ ಕನಕಾಂಬರ ನೋಡಿ. ಅದರ ಹೂವನ್ನು ಎಲ್ಲರೂ ನೋಡುತ್ತಾರೆ. ಹೂ ಉದುರಿದ ಮೇಲೆ ಉಳಿಯುವ ಕದಿರನ್ನು ನೋಡುವವರು ಕಡಿಮೆ. ಸಣ್ಣ ಸಣ್ಣ ಹಸಿರು ಎಸಳುಗಳು ಒಂದರ ಮೇಲೊಂದು ಕೂತು ಬಿಗಿಯಾಗಿ ಹೆಣೆದ ಜಡೆಯ ಹಾಗಿರುತ್ತದೆ, ಅಂಚಿನಲ್ಲಿ ನವಿರಾದ ರೋಮ. ನಿಧಾನಕ್ಕೆ ಒಣಗಿ ಕಂದು ಬಣ್ಣಕ್ಕೆ ತಿರುಗುವಾಗ ಒಳಗೆ ಕಾಯಿ ಬಲಿತಿರುತ್ತದೆ. ಆಮೇಲೆ ಅದಕ್ಕೆ ನೀರು ತಾಗಬೇಕು, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಚಟ್ ಅಂತ ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ಮೊದಲ ಮಳೆ ಬಂದ ಸಂಜೆ ಜಗಲಿಯಲ್ಲಿ ಕೂತರೆ ಮಳೆ ನಿಂತ ಮೇಲೂ ಗಿಡದ ಕಡೆಯಿಂದ ಚಟ್ ಚಟ್ ಕೇಳುತ್ತಲೇ ಇರುತ್ತದೆ. ಮಣ್ಣು ಒದ್ದೆ ಇರುವಾಗಲೇ ಬೀಜ ಬೀಳಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು ಅದು. ಪಕ್ಕದ ಮನೆಯ ಮಕ್ಕಳು ಒಣಗಿದ ಕಾಯಿಯನ್ನು ನೀರಿನ ಲೋಟಕ್ಕೆ ಹಾಕಿ ಕಾಯುತ್ತಾರೆ, ನಾನೂ ಸೂಜಿ ಬಿಟ್ಟು ಎದ್ದು ಹೋಗಿ ಅವರ ಜೊತೆ ಕಾಯುತ್ತೇನೆ. ಆ ಎಸಳುಗಳ ಜೋಡಣೆಯನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿ ಒಂದು ಮದುವೆ ಬ್ಲೌಸಿನ ತೋಳಿಗೆ ಹಾಕಿದೆ. ಹೂವೇ ಇಲ್ಲ, ಬರೀ ಕದಿರು, ಹಸಿರು ರೇಷ್ಮೆಯ ಮೇಲೆ ಮಾಸಲು ಚಿನ್ನದ ಜರಿ. ಇದು ಯಾವ ಡಿಸೈನ್ ಅಂತ ಈಗಲೂ ಕೇಳಿಕೊಂಡು ಬರುತ್ತಾರೆ.

ಇನ್ನೊಂದು ಕರಿಬೇವು. ಹುಳ ಓಡಿಸುವುದು ಹೇಗೆ ಅಂತಲೇ ಎಲ್ಲರ ಪ್ರಶ್ನೆ. ಒಂದು ಗೆಲ್ಲನ್ನು ಹುಳಕ್ಕೇ ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ. ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆ ಬಂದು ಎಳೆ ಎಲೆಗೆ ಒಂದೊಂದೇ ಮೊಟ್ಟೆ ಇಡುತ್ತದೆ. ಹೊರಬಂದ ಮರಿಹುಳ ನೋಡಲು ಥೇಟ್ ಹಕ್ಕಿಯ ಹಿಕ್ಕೆ, ಕಂದು ಮೈಯಲ್ಲಿ ಬಿಳಿ ಪಟ್ಟೆ, ತಿನ್ನಲು ಬಂದ ಹಕ್ಕಿ ಮೋಸಹೋಗಬೇಕು. ಪೊರೆ ಬಿಡುತ್ತಾ ಬಿಡುತ್ತಾ ಕೊನೆಗೆ ಎಲೆಯ ಹಸಿರೇ ಮೈಗೆ ಬರುತ್ತದೆ. ಆಗ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲಿನ ಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಒಮ್ಮೆ ಮುಟ್ಟಿದರೆ ಸಾಕು, ಪಾಪ, ಅದಕ್ಕೆ ಹೆದರಿಕೆಯಾಗುತ್ತದೆ. ಹೊಟ್ಟೆ ತುಂಬಿದ ಮೇಲೆ ಕಡ್ಡಿಗೆ ಬಾಲ ಅಂಟಿಸಿ, ಸೊಂಟದ ಸುತ್ತ ಒಂದು ಎಳೆ ಕಟ್ಟಿಕೊಂಡು ಕೋಶವಾಗುತ್ತದೆ. ಆ ಎಳೆಯನ್ನು ಹತ್ತಿರದಿಂದ ನೋಡಿ. ಗಾಳಿಗೆ ಗೆಲ್ಲು ಅಲ್ಲಾಡಿದರೂ ಅದು ಬಿಡುವುದಿಲ್ಲ. ದಿನವಿಡೀ ನೂಲು ಹಿಡಿಯುವ ನನಗೆ ಅದನ್ನು ಎಷ್ಟು ನೋಡಿದರೂ ಸಾಕಾಗುವುದಿಲ್ಲ. ಈ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್ ಅನ್ನುವ ಬೇರೆ ಚಿಟ್ಟೆಯ ವೇಷ ಹಾಕಿಕೊಂಡಿರುತ್ತವೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ, ಕೆಂಪು ಚುಕ್ಕಿ. ಕಾಮನ್ ರೋಸ್ ಮೈಯಲ್ಲಿ ವಿಷ ಇರುವುದರಿಂದ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ, ಆ ಲಾಭ ಇದಕ್ಕೂ ಸಿಗುತ್ತದೆ. ಕಪ್ಪು, ಬಿಳಿ, ಕೆಂಪು ಒಟ್ಟಿಗೆ ಎಷ್ಟು ಒಪ್ಪುತ್ತದೆ ಅಂತ ಯಾವ ಬಣ್ಣದ ಪುಸ್ತಕವೂ ನನಗೆ ಹಾಗೆ ತೋರಿಸಿರಲಿಲ್ಲ.

ಮಳೆಗಾಲಕ್ಕೆ ಕೆಸು. ಆಟಿ ತಿಂಗಳಲ್ಲಿ ಪತ್ರೊಡೆಗೆ ಎಲೆ ಕೊಯ್ಯಲು ಹೋದಾಗ ಸ್ವಲ್ಪ ನಿಂತು ನೋಡಿ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಉಬ್ಬುಗಳಿವೆ, ಅದಕ್ಕೇ ನೀರು ಅಂಟುವುದಿಲ್ಲ. ಹನಿಗಳೆಲ್ಲ ದುಂಡಗಾಗಿ ಜಾರಿ ತಗ್ಗಿನಲ್ಲಿ ಸೇರಿಕೊಳ್ಳುತ್ತವೆ, ಎಲೆ ಸ್ವಲ್ಪ ಬಾಗಿದರೆ ಇನ್ನೊಂದು ಕಡೆಗೆ ಓಡುತ್ತವೆ. ಗಾಜಿನ ಮಣಿಯನ್ನು ಸಾಲಾಗಿಯೇ ಕೂರಿಸಬೇಕು ಅಂತ ಏನಿಲ್ಲ, ಒಂದು ಮೂಲೆಗೆ ಜಾರಿ ಗುಂಪಾದ ಹಾಗೆಯೂ ಕೂರಿಸಬಹುದು ಅಂತ ನನಗೆ ಹೊಳೆದದ್ದು ಅಲ್ಲಿ.

ಮಲ್ಲಿಗೆ ಬೇಡವಾ ಅಂತ ಕೇಳಬಹುದು. ನಮ್ಮ ಶಂಕರಪುರ ಮಲ್ಲಿಗೆಯ ಮೇಲೆ ಯಾರಿಗೆ ಆಸೆ ಇಲ್ಲ ಹೇಳಿ, ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್ ಕೂಡ ಇದೆ. ಟೆರೇಸಿನಲ್ಲಿ ಚಟ್ಟಿಯಲ್ಲಿ ಬೆಳೆಸಿ, ಕಟ್ಟಿ, ಚೆಂಡು, ಅಟ್ಟೆ ಅನ್ನುವ ಅಳತೆಯ ಲೆಕ್ಕದಲ್ಲಿ ಮಾರುವವರೂ ಇದ್ದಾರೆ. ಆದರೆ ಅದಕ್ಕೆ ಬಿಸಿಲು ಜಾಸ್ತಿ ಬೇಕು, ಬೆಳಗ್ಗೆ ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು. ಬಾಲ್ಕನಿಯ ಮೊದಲ ಗಿಡ ಅದಾಗುವುದು ಬೇಡ.

ಮಣ್ಣಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗೆ ಒಡ್ಡಿದ ಚಟ್ಟಿಯ ಸಾರವೆಲ್ಲ ತೊಳೆದುಹೋಗುತ್ತದೆ. ತಳಕ್ಕೆ ಒಡೆದ ಹಂಚಿನ ಚೂರು ಹಾಕಿ, ಮೇಲೆ ಸುಡುಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ಮರಳು. ಸುಡುಮಣ್ಣನ್ನು ಫ್ಲ್ಯಾಟ್‌ನಲ್ಲಿ ಮಾಡಲಾಗುವುದಿಲ್ಲ, ಊರಿನಿಂದ ಯಾರಾದರೂ ಬರುವಾಗ ಒಂದು ಚೀಲ ತರಲು ಹೇಳಿ.

ಇನ್ನು ನಿಮ್ಮ ಚಿತ್ರದ ವಿಷಯ. ಬೆಳಗ್ಗೆ ಚಾ ಹಿಡಿದುಕೊಂಡು ಹೋಗಿ, ಮೊಬೈಲ್ ಒಳಗೇ ಇರಲಿ. ದಿನವೂ ಅದೇ ಗಿಡದ ಹತ್ತಿರ ಸುಮ್ನೆ ನಿಲ್ಲಿ. ಇಡೀ ಗಿಡ ಬಿಡಿಸಲು ಹೋಗಬೇಡಿ, ಇವತ್ತು ಒಂದು ಗಂಟು, ನಾಳೆ ಒಂದು ತುದಿ ಸಾಕು. ನಿನ್ನೆ ಇಲ್ಲದ್ದು ಇವತ್ತು ಏನು ಬಂದಿದೆ ಅಂತ ಕಣ್ಣು ಹುಡುಕಲು ಶುರುಮಾಡುತ್ತದೆ ನೋಡಿ, ಅಲ್ಲಿಂದ ಕೈ ತಾನಾಗಿ ಪೆನ್ಸಿಲ್ ಕೇಳುತ್ತದೆ. ನನಗೆ ಪ್ರತಿ ಸಲವೂ ಆದದ್ದು ಹೀಗೆಯೇ.

ಒಂದೇ ಗಿಡ ಹೇಳಿ ಅಂದರೆ ನಿಮಗೆ ಬಸಳೆ ಹೇಳುತ್ತೇನೆ. ನರ್ಸರಿಗೆ ಹೋಗುವುದೂ ಬೇಡ. ತರಕಾರಿ ಅಂಗಡಿಯಿಂದ ಒಂದು ಕಟ್ಟು ತನ್ನಿ, ಎಲೆ, ಎಳೆ ದಂಟೆಲ್ಲ ನಮ್ಮ ಕಡೆಯ ಸಾಂಬಾರು ಕೊದ್ದೆಲಿಗೆ, ಬಲಿತ ದಂಟು ಎರಡು ಮೂರು ಗಂಟು ಇರುವ ಹಾಗೆ ಕತ್ತರಿಸಿ ಚಟ್ಟಿಗೆ. ಚಿಗುರಿದ ಮೇಲೆ ಬಳ್ಳಿಯನ್ನು ಬಾಲ್ಕನಿಯ ಗ್ರಿಲ್ಲಿಗೆ ಹಬ್ಬಿಸಿ. ತುದಿ ಕೊಯ್ಯುತ್ತಲೇ ಇದ್ದರೆ ಅಡುಗೆಗೆ ಆಯಿತು, ಆದರೆ ಒಂದು ಬಳ್ಳಿಯನ್ನು ಮಾತ್ರ ಕೊಯ್ಯದೆ ಬಿಡಿ. ಅದರಲ್ಲಿ ಹೂ ಬಂದು ಕಪ್ಪಗೆ ಹೊಳೆಯುವ ಸಣ್ಣ ಹಣ್ಣು ಆಗುತ್ತದೆ. ಹಿಂಡಿದರೆ ಗಾಢ ನೇರಳೆ ರಸ. ಕುಂಚ ಅದ್ದಿ ಬಿಡಿಸಿ. ಆ ಬಣ್ಣ ಬೆಳಕಿಗೆ ಇಟ್ಟರೆ ಬೇಗ ಮಾಸುತ್ತದೆ, ಅದು ಒಳ್ಳೆಯದೇ, ಉಳಿಯುವ ಚಿತ್ರ ಬಿಡಿಸಬೇಕು ಅನ್ನುವ ಭಾರ ಇರುವುದಿಲ್ಲ. ಹಣ್ಣಾಗುವುದು ಯಾವಾಗ ಅಂತ ಕಾಯುವಾಗ ಬಳ್ಳಿ ಗ್ರಿಲ್ಲನ್ನು ಎಲ್ಲಿ ಹೇಗೆ ಸುತ್ತಿದೆ ಅಂತ ಪೆನ್ಸಿಲ್‌ನಲ್ಲಿ ಬಿಡಿಸುತ್ತಿರಿ, ಬರೆದದ್ದು ಇಲ್ಲಿ ಹಾಕಿದರೆ ನನಗೆ ನೋಡಲು ತುಂಬಾ ಆಸೆ ಇದೆ.