ಕನ್‌ಫ್ಯೂಷಿಯಸ್ ಮರಳಿ ಬಂದದ್ದು ಎಲ್ಲಿಂದ?

ಪ್ರಶ್ನೆ: ಮಾವೋ ಕಾಲದಲ್ಲಿ ಕನ್‌ಫ್ಯೂಷಿಯಸ್‌ನನ್ನು ಹೀಗಳೆದ ಚೀನಾ ಈಗ ಕೊಂಡಾಡುತ್ತಿದೆ. ಹೊಸ ಕನ್‌ಫ್ಯೂಷಿಯನ್ ಚಿಂತನೆ ಎಂದರೆ ಈ ಸರ್ಕಾರಿ ಪ್ರಚಾರವೇ?

ಉತ್ತರ: ಅಲ್ಲ. ಎರಡನ್ನೂ ಬೆರೆಸಿಕೊಂಡರೆ ಮುಂದೆ ಓದಿದ್ದೆಲ್ಲ ದಾರಿ ತಪ್ಪುತ್ತದೆ. ಈ ಚಿಂತನೆ ಬಲಿತದ್ದು 1949ರ ನಂತರ, ಕಮ್ಯುನಿಸ್ಟ್ ಆಳ್ವಿಕೆ ಒಲ್ಲದೆ ಹೊರಗೆ ನೆಲೆಸಿದ ವಿದ್ವಾಂಸರಿಂದ. 1958ರ ಜನವರಿ 1ರಂದು ಟಾಂಗ್ ಜುನ್‌ಯಿ, ಮೌ ಜೊಂಗ್‌ಸಾನ್, ಶೂ ಫುಗುವಾನ್, ಜಾಂಗ್ ಜುನ್‌ಮಾಯ್ ಸಹಿ ಮಾಡಿದ ಘೋಷಣೆ ಹಾಂಗ್‌ಕಾಂಗ್‌ನ ಪತ್ರಿಕೆಯೊಂದರಲ್ಲಿ ಬಂತು. ಚೀನೀ ಸಂಸ್ಕೃತಿ ಸತ್ತಿಲ್ಲ, ಅದರ ಜೀವಾಳ ಮನುಷ್ಯನ ಅಂತರಂಗದ ನೀತಿಪ್ರಜ್ಞೆ ಎಂದರು. ವಿಜ್ಞಾನ, ಪ್ರಜಾಪ್ರಭುತ್ವ ತಮ್ಮಲ್ಲಿ ಬೆಳೆಯಲಿಲ್ಲವೆಂದೂ ಒಪ್ಪಿಕೊಂಡರು.

ಮೌ, ಟಾಂಗ್, ಶೂ ಮೂವರಿಗೂ ಗುರು ಶ್ಯೊಂಗ್ ಶಿಲಿ (1885–1968). ಇಲ್ಲಿ ನಮ್ಮ ನಂಟೂ ಇದೆ: ಅವರು ನಾನ್‌ಜಿಂಗ್‌ನಲ್ಲಿ ಕಲಿತದ್ದು ಭಾರತದ ಬೌದ್ಧ ದಾರ್ಶನಿಕ ವಸುಬಂಧುವಿನ ವಿಜ್ಞಾನವಾದ, ಅಂದರೆ ಕಾಣುವುದೆಲ್ಲ ಚಿತ್ತದ ರೂಪವೇ ಎಂಬ ದರ್ಶನ. ಆಲಯವಿಜ್ಞಾನದ (ಎಲ್ಲ ಅನುಭವಗಳ ಬೀಜಗಳನ್ನು ಕೂಡಿಟ್ಟ ಆಳದ ಚಿತ್ತದ) ಬೀಜಗಳು ಬೇರೆ, ಅವುಗಳಿಂದ ಮೂಡುವ ಜಗತ್ತು ಬೇರೆ ಎಂಬ ವಿಭಜನೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಕಡಲು, ಅಲೆ ಎರಡಲ್ಲ ಎಂದು 1932ರ ಗ್ರಂಥದಲ್ಲಿ ವಾದಿಸಿದರು. ಅಂತಃಸಾಕ್ಷಿ, ಅಂದರೆ ಆ ನೀತಿಪ್ರಜ್ಞೆ, ಒಂದು ಊಹೆ ಎಂದ ಸಮಕಾಲೀನ ಚೀನೀ ತತ್ವಜ್ಞಾನಿ ಫೆಂಗ್ ಯೌಲಾನ್‌ರಿಗೆ, ಕಣ್ಣೆದುರೇ ಇರುವುದನ್ನು ಊಹೆ ಎನ್ನುವುದು ಹೇಗೆ ಎಂದು ಶ್ಯೊಂಗ್ ಗದರಿದ್ದನ್ನು ಮೌ ಜೀವನವಿಡೀ ನೆನೆದರು.

ಪ್ರಶ್ನೆ: ಆ ಅಂತಃಸಾಕ್ಷಿಯಿಂದಲೇ ಪ್ರಜಾಪ್ರಭುತ್ವ ಹುಟ್ಟಬೇಕು ಎನ್ನುತ್ತಾರೆ ಮೌ. ಅದು ಹೇಗೆ?

ಉತ್ತರ: ಮೌ ಅವರ ಅತಿ ಕಠಿಣ ವಾದವಿದು. ನೀತಿಪ್ರಜ್ಞೆಗೆ ತಾನು, ಪರ ಎಂಬ ಭೇದವಿಲ್ಲ. ಆದರೆ ವಿಜ್ಞಾನಕ್ಕೆ ನೋಡುವವನು, ನೋಡುವ ವಸ್ತು ಬೇರೆಯಾಗಲೇಬೇಕು. ಕಾನೂನಿಗೂ ಎದುರುಬದುರು ನಿಲ್ಲುವ ಹಕ್ಕುದಾರರು ಬೇಕು. ಹಾಗಾಗಿ ಆ ಪ್ರಜ್ಞೆ ತಾನಾಗಿಯೇ ಒಂದು ಮೆಟ್ಟಿಲು ಕೆಳಗಿಳಿದು ತನಗೆ ಮಿತಿ ಹಾಕಿಕೊಳ್ಳುತ್ತದೆ. ಹಳೆಯ ಪದ್ಧತಿ ಸೋತದ್ದು ಇಲ್ಲೇ: ಸಜ್ಜನ ದೊರೆಗಾಗಿ ಕಾಯಿತು, ದುಷ್ಟ ದೊರೆಯನ್ನು ಕಟ್ಟಿಹಾಕುವ ಕಾನೂನು ರೂಪಿಸಲಿಲ್ಲ.

ಇದು ಪಶ್ಚಿಮಕ್ಕೆ ಶರಣಾಗತಿ ಎಂದವರು ಚೀನಾದೊಳಗಿನ ಕನ್‌ಫ್ಯೂಷಿಯನ್ ಚಿಂತಕ ಜಿಯಾಂಗ್ ಚಿಂಗ್ (ಮಾವೋ ಪತ್ನಿಯಲ್ಲ). ಅವರ ಯೋಜನೆಯಲ್ಲಿ ಸಂಸತ್ತಿಗೆ ಮೂರು ಸದನ. ಒಂದಕ್ಕೆ ಕನ್‌ಫ್ಯೂಷಿಯಸ್‌ನ ವಂಶಸ್ಥನೇ ಮುಖ್ಯಸ್ಥ. ಯಾರು ಬೇಕಾದರೂ ಪುರಾತನ ಆದರ್ಶ ದೊರೆಗಳಾದ ಯಾವೋ, ಶುನ್‌ರಂಥ ಮಹಾಪುರುಷರಾಗಬಹುದು ಎಂದ ಪ್ರಾಚೀನ ಕನ್‌ಫ್ಯೂಷಿಯನ್ ಚಿಂತಕ ಮೆನ್ಸಿಯಸ್‌ನ ಪರಂಪರೆಯಲ್ಲಿ ಹುಟ್ಟಿಗೆ ಪೀಠ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಎಲ್ಲಿಂದ ಓದಲಿ?

ಉತ್ತರ: ಮೊದಲು ಮೆನ್ಸಿಯಸ್‌ನ ಗ್ರಂಥ, 2ಎ6 ಎಂಬ ಸಂಖ್ಯೆಯ ಭಾಗ: ಬಾವಿಗೆ ಬೀಳಲಿರುವ ಮಗುವನ್ನು ಕಂಡವರ ಎದೆ ಝಲ್ಲೆನ್ನುವುದು ಅಲ್ಲಿದೆ. ಆಮೇಲೆ ಮಿಂಗ್ ಕಾಲದ ಕನ್‌ಫ್ಯೂಷಿಯನ್ ಚಿಂತಕ ವಾಂಗ್ ಯಾಂಗ್‌ಮಿಂಗ್, ನಂತರ 1958ರ ಘೋಷಣೆ. ಮೌ ಕೊನೆಗಿರಲಿ. ಬುದ್ಧಿಯ ನೇರ ದರ್ಶನ (ಇಂದ್ರಿಯಗಳ ನೆರವಿಲ್ಲದೆ ಕಾಣುವ ಶಕ್ತಿ) ಮನುಷ್ಯನಿಗಿಲ್ಲ ಎಂದ ಜರ್ಮನ್ ತತ್ವಜ್ಞಾನಿ ಕಾಂಟ್‌ಗೆ, ಇದೆ ಎಂದು ಅವರು ಉತ್ತರಿಸುತ್ತಾರೆ. ಕಾಂಟ್ ತಿಳಿಯದೆ ಹೋದರೆ ಮೊದಲ ಅಧ್ಯಾಯದಲ್ಲೇ ಸಿಕ್ಕಿಬೀಳುತ್ತೀರಿ.