ರೆ: ವಾರ್‌ಗೇಮಿಂಗ್ ಕ್ಲಬ್‌ಗೆ ಯಾರ್ ಯಾರು ಬರ್ತಾರೆ?

ಇಂಗ್ಲೆಂಡಲ್ಲಿ ಮಿನಿಯೇಚರ್ ವಾರ್‌ಗೇಮಿಂಗ್ (ಪುಟ್ಟ ಸೈನಿಕರ ಗೊಂಬೆಗಳನ್ನ ಟೇಬಲ್ ಮೇಲಿಟ್ಟು ಯುದ್ಧ ಆಡೋ ಆಟ) ಕ್ಲಬ್ ಸೇರಿದ್ರೆ ಬರೀ ರಿಟೈರ್ ಆದ ಗಂಡಸರ ಮಧ್ಯೆ ನಾನೊಬ್ಳೇ ಆಗ್ತೀನಾ ಅಂತ ಕೇಳಿದ್ರಲ್ಲ ಮೇಡಂ, ಅದು ಅಲ್ಲಿ ಯಾವ ಗೇಮ್ ಆಡ್ತಾರೆ ಅನ್ನೋದ್ರ ಮೇಲಿದೆ. ನೆಪೋಲಿಯನ್ ಕಾಲದ ಯುದ್ಧ ಆಡೋ ಟೇಬಲ್ ಸುತ್ತ ವಯಸ್ಸಾದೋರೇ ಜಾಸ್ತಿ, ಚಿಕ್ಕೋರಿದ್ದಾಗ ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಸೈನಿಕರ ಗೊಂಬೆಗಳಿಂದ ಶುರು ಮಾಡಿದೋರು ಇನ್ನೂ ಬಿಟ್ಟಿಲ್ಲ. 1987ರಲ್ಲಿ ಬಂದ, ದೂರದ ಭವಿಷ್ಯದ ಯುದ್ಧ ಆಡೋ ಗೇಮ್ ವಾರ್‌ಹ್ಯಾಮರ್ 40,000 ಕಡೆ ಬೇರೆ ಥರ, ಹೈಸ್ಕೂಲ್ ಹುಡುಗರು ಹಿಡ್ಕೋತಾರೆ, ಕಾಲೇಜು ಅಂತ ಬಿಡ್ತಾರೆ, ಕೈಗೆ ಸಂಬಳ ಬಂದ್ಮೇಲೆ ಮೂವತ್ತು ದಾಟಿ ವಾಪಸ್ ಬರ್ತಾರೆ, ಯಾಕಂದ್ರೆ ಒಂದು ಆರ್ಮಿ ಕಟ್ಟೋಕೆ ನೂರಾರು ಪೌಂಡ್ ಬೇಕಲ್ವಾ. ಹೆಂಗಸರು ಎರಡೂ ಕಡೆ ಕಮ್ಮಿನೇ, ಅದನ್ನ ಮುಚ್ಚಿಡಲ್ಲ, ಆದ್ರೆ ಗೊಂಬೆಗಳಿಗೆ ಬಣ್ಣ ಹಚ್ಚೋ ಪೇಂಟಿಂಗಲ್ಲಿ ಅವರಲ್ಲಿ ತುಂಬಾ ಒಳ್ಳೊಳ್ಳೆ ಕೈಗಳಿದಾವೆ. ನೀವು ಮೊದ್ಲು ಪೇಂಟಿಂಗ್ ಸೆಷನ್‌ಗೇ ಹೋಗಿ, ಪರಿಚಯ ಆದ್ಮೇಲೆ ಆಡೋಕೆ ಕೂತ್ಕೊಳಿ.